ಸಲಕರಣೆಗೊಂದು ಜಾಗ, ಆ ಜಾಗದಲ್ಲೇ ಸಲಕರಣೆ

(ತುಮಕೂರು, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ರೈತರಿಗಾಗಿ ಸಿದ್ಧಪಡಿಸಿದ ಭಾಷಣ)



ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಖುಷ್ಕಿ ಬೇಸಾಯದಲ್ಲಿ ಬೀಜ, ಗೊಬ್ಬರ ಎಷ್ಟು ಮುಖ್ಯವೋ ಹದವೂ ಅಷ್ಟೇ ಮುಖ್ಯ. ಪುನರ್ವಸು, ಪುಷ್ಯ ಮಳೆಗಳು ಬಿದ್ದು ನೆಲ ನೆನೆದ ಮೇಲೆ ಕೆಂಪು ಮಣ್ಣಿನಲ್ಲಿ ರಾಗಿ ಬಿತ್ತನೆಯ ಹದ ಬಹಳ ಕಾಲ ನಿಲ್ಲುವುದಿಲ್ಲ. ಬಿಸಿಲು ಏರಿ ಗಾಳಿ ಬೀಸಿದರೆ ಎರಡು ಮೂರು ದಿನಗಳಲ್ಲೇ ಮೇಲುಮಣ್ಣು ಆರಿಹೋಗುತ್ತದೆ. ಮತ್ತೆ ಮಳೆ ಬರುವವರೆಗೆ ಆಕಾಶ ನೋಡುತ್ತಾ ಕೂರಬೇಕಾಗುತ್ತದೆ.

ಅಂಥ ಒಂದು ಹದದ ಬೆಳಗನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಎತ್ತು ನೊಗಕ್ಕೆ ಬಂದಿವೆ, ಬೀಜ ಬಟ್ಟಲಿಗೆ ಬಂದಿದೆ. ಕೂರಿಗೆಯ ಒಂದು ತಾಳು ಅಲುಗಾಡುತ್ತಿದೆ. ಒಂದು ಬೆಣೆ ಹೊಡೆದರೆ ಸಾಕು. ಆದರೆ ಬಾಚಿ ಎಲ್ಲಿ? ದನದ ಕೊಟ್ಟಿಗೆಯಲ್ಲಿ ಇಲ್ಲ, ಅಟ್ಟದ ಮೇಲಿಲ್ಲ. ಹೋದ ತಿಂಗಳು ಪಕ್ಕದ ಮನೆಯವರು ಒಯ್ದಿದ್ದರೆಂದು ಒಬ್ಬರಿಗೆ ನೆನಪು, ಅವರು ಹಿಂದಕ್ಕೆ ತಂದುಕೊಟ್ಟರೆಂದು ಇನ್ನೊಬ್ಬರಿಗೆ ನೆನಪು. ಟ್ರ್ಯಾಕ್ಟರನ್ನು ಬಾಡಿಗೆಗೆ ತರಿಸಿದ ಮನೆಯಲ್ಲೂ ಇದೇ ಕಥೆ. ಬಿತ್ತನೆ ಕೂರಿಗೆಯ ನಟ್ಟು ಸಡಿಲವಾಗಿದೆ, 18–19ರ ಸ್ಪ್ಯಾನರ್ ಸಿಗದು, ಗಂಟೆ ಲೆಕ್ಕದ ಬಾಡಿಗೆ ಮಾತ್ರ ಏರುತ್ತಲೇ ಇರುತ್ತದೆ. ಹುಡುಕಿ, ಬೈದು, ಪೇಟೆಗೆ ಆಳು ಕಳುಹಿಸಿ, ಹೊಸದನ್ನು ತರಿಸುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತದೆ. ಹೊಸದನ್ನು ತಂದ ಮರುವಾರ ಹಳೆಯದು ಹುಲ್ಲಿನ ಬಣವೆಯ ಬುಡದಲ್ಲಿ ಸಿಗುತ್ತದೆ.

ಇಲ್ಲಿ ಕೊರತೆ ಇದ್ದುದು ಸಲಕರಣೆಗಲ್ಲ, ಸಲಕರಣೆ ಇಡುವ ಜಾಗಕ್ಕೆ. ಮನೆಯಲ್ಲಿ ಬಾಚಿಯೂ ಇತ್ತು, ಸ್ಪ್ಯಾನರೂ ಇತ್ತು. ಬೇಕಾದ ಹೊತ್ತಿಗೆ ಕೈಗೆ ಸಿಗದ ಹತ್ಯಾರ ಇದ್ದೂ ಇಲ್ಲದಂತೆ.

ಒಬ್ಬರ ತಲೆಯಲ್ಲಿರುವ ಜಾಗ

ಅನೇಕ ಮನೆಗಳಲ್ಲಿ ಸಾಮಾನಿಗೆ ಜಾಗ ಇಲ್ಲವೆಂದಲ್ಲ. ಇದೆ, ಆದರೆ ಅದು ಮನೆಯ ಯಜಮಾನನ ತಲೆಯಲ್ಲಿದೆ. ಹಾರೆ ಬಚ್ಚಲ ಹಿಂದೆ, ಗರಗಸ ಅಟ್ಟದ ತೊಲೆಯ ಸಂದಿಯಲ್ಲಿ, ಪಂಪಿನ ವಾಷರು ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿ ಎಂಬುದು ಅವನೊಬ್ಬನಿಗೆ ಗೊತ್ತು. ಅವನು ಮನೆಯಲ್ಲಿ ಇರುವವರೆಗೆ ಕೆಲಸ ಸಾಗುತ್ತದೆ. ಅವನು ಜ್ವರ ಬಂದು ಮಲಗಿದರೆ, ನೆಂಟರ ಮನೆಗೆ ಹೋದರೆ, ಕಣ್ಣು ಮಂಜಾದರೆ ಕೆಲಸವೆಲ್ಲ ನಿಲ್ಲುತ್ತದೆ.

ಇಂದು ಈ ತೊಂದರೆ ಹಿಂದಿಗಿಂತ ಹೆಚ್ಚಾಗಿದೆ. ಈ ಮೂರು ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರಿನಲ್ಲೋ ವಸಂತನರಸಾಪುರದ ಕಾರ್ಖಾನೆಗಳಲ್ಲೋ ದುಡಿಯುತ್ತಾರೆ. ತೋಟ, ಹೊಲದ ಭಾರ ವಯಸ್ಸಾದ ತಂದೆ ತಾಯಿಯರ ಮೇಲೆ, ಸೊಸೆಯರ ಮೇಲೆ ಇದೆ. ರಜೆಗೆ ಬಂದ ಮಗ ಒಂದು ದಿನ ಕೆಲಸ ಮಾಡಲು ನಿಂತರೆ ಅರ್ಧ ದಿನ “ಅಪ್ಪಾ, ಅದೆಲ್ಲಿ? ಇದೆಲ್ಲಿ?” ಎಂದು ಕೇಳುವುದರಲ್ಲೇ ಕಳೆಯುತ್ತದೆ. ರಾತ್ರಿ ಹೊತ್ತು ತ್ರೀಫೇಸ್ ಕರೆಂಟು ಬಂದಾಗ ಪಂಪು ಓಡದಿದ್ದರೆ, ಕತ್ತಲೆಯಲ್ಲಿ ಟೆಸ್ಟರ್ ಹುಡುಕುವ ಕೆಲಸ ಹೆಂಗಸರ ಪಾಲಿಗೆ ಬರುವುದುಂಟು.

ಆದ್ದರಿಂದ ಸಾಮಾನಿನ ಜಾಗ ಒಬ್ಬರ ತಲೆಯಲ್ಲಿ ಇರಬಾರದು, ಗೋಡೆಯ ಮೇಲೆ ಎಲ್ಲರ ಕಣ್ಣಿಗೂ ಕಾಣುವಂತೆ ಇರಬೇಕು. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿವರಣೆ ಮಾತ್ರ.

ಸುತ್ತಮುತ್ತಲಿನ ಮೂರು ಪಾಠ

ಇದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್.ಎ.ಎಲ್. ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ 615 ಎಕರೆ ಜಾಗದಲ್ಲಿ ತಲೆಯೆತ್ತಿದೆ. 2023ರ ಫೆಬ್ರವರಿ 6ರಂದು ಅದು ದೇಶಕ್ಕೆ ಸಮರ್ಪಿತವಾಯಿತು. ವಿಮಾನ, ಹೆಲಿಕಾಪ್ಟರುಗಳ ಕೆಲಸ ನಡೆಯುವಲ್ಲಿ ಪ್ರಪಂಚದಾದ್ಯಂತ ಒಂದು ಕಟ್ಟುನಿಟ್ಟು ಉಂಟು. ಪ್ರತಿ ಹತ್ಯಾರಕ್ಕೂ ಹಲಗೆಯ ಮೇಲೆ ಅದರದೇ ಆಕಾರದ ನೆರಳು ಬರೆದಿರುತ್ತಾರೆ. ಕೆಲಸ ಮುಗಿದಾಗ ಯಾವ ನೆರಳು ಖಾಲಿ ಇದೆಯೆಂದು ನೋಡುತ್ತಾರೆ. ಒಂದು ಸ್ಪ್ಯಾನರ್ ಕಡಿಮೆ ಬಂದರೂ ಅದು ಸಿಗುವವರೆಗೆ ಯಂತ್ರವನ್ನು ಹಾರಲು ಬಿಡುವುದಿಲ್ಲ. ಒಳಗೆ ಮರೆತುಬಿಟ್ಟ ಒಂದು ಸ್ಕ್ರೂ ಡ್ರೈವರ್ ಜೀವಗಳನ್ನೇ ತೆಗೆಯಬಲ್ಲುದು. ರೈತನ ಮನೆಗೂ ಈ ನೆರಳಿನ ಹಲಗೆ ಚೆನ್ನಾಗಿ ಒಪ್ಪುತ್ತದೆ.

ತುಮಕೂರು ನಗರದಲ್ಲಿ 1970ರ ದಶಕದ ಕೊನೆಯಲ್ಲಿ ಎಚ್.ಎಂ.ಟಿ. ಕೈಗಡಿಯಾರ ಕಾರ್ಖಾನೆ ಆರಂಭವಾಯಿತು. ಆ ಕಾರ್ಖಾನೆ ಈಗಿಲ್ಲ. ಕೇಂದ್ರ ಸರ್ಕಾರ ಅದನ್ನು ಮುಚ್ಚಲು ತೀರ್ಮಾನಿಸಿದ್ದು 2016ರಲ್ಲಿ. ಆದರೆ ಗಡಿಯಾರ ರಿಪೇರಿಯವರ ಕಸುಬಿನ ಪಾಠ ಉಳಿದಿದೆ. ಅವರು ಬಿಚ್ಚಿದ ಸಣ್ಣ ತಿರುಪುಗಳನ್ನು ತಟ್ಟೆಯೊಂದರಲ್ಲಿ, ಬಿಚ್ಚಿದ ಸರದಿಯಲ್ಲೇ ಇಡುತ್ತಾರೆ. ಕಟ್ಟುವಾಗ ಹಿಂದಿನಿಂದ ಮುಂದಕ್ಕೆ ಎತ್ತಿಕೊಂಡು ಬಂದರೆ ಒಂದೂ ಮಿಕ್ಕುವುದಿಲ್ಲ, ಒಂದೂ ತಪ್ಪುವುದಿಲ್ಲ. ಸ್ಪ್ರೇಯರ್, ಪಂಪು, ಕಳೆ ಕೊಚ್ಚುವ ಯಂತ್ರ ಬಿಚ್ಚುವ ರೈತನೂ ಒಂದು ಹಳೆಯ ಊಟದ ತಟ್ಟೆಯನ್ನು ಇದಕ್ಕೆಂದೇ ಇಟ್ಟುಕೊಳ್ಳಬೇಕು.

ಕುಣಿಗಲ್ ಟಿಪ್ಪು ಸುಲ್ತಾನನ ಕಾಲದಿಂದಲೂ ಕುದುರೆ ಸಾಕಣೆಗೆ ಹೆಸರಾದ ಊರು. ಒಳ್ಳೆಯ ಕುದುರೆ ಲಾಯದಲ್ಲಿ ಲಗಾಮು, ಜೀನುಗಳಿಗೆ ಬೇರೆ ಬೇರೆ ಗೂಟಗಳಿರುತ್ತವೆ. ಬೆವರು ಹತ್ತಿದ ತೊಗಲನ್ನು ಅಂದಂದೇ ಒರೆಸಿ ಎತ್ತಿಡುತ್ತಾರೆ. ಬೆವರಿನ ಉಪ್ಪು ಕುಳಿತರೆ ತೊಗಲು ಗಡುಸಾಗಿ ಬಿರಿಯುತ್ತದೆ. ಎತ್ತಿನ ಕೊರಳ ಪಟ್ಟಿ, ಗೆಜ್ಜೆಯ ಪಟ್ಟಿಗಳಿಗೂ ಇದೇ ಆರೈಕೆ ಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ, ಆಗಾಗ ಹರಳೆಣ್ಣೆ ಸವರಿದರೆ ಹೆಚ್ಚು ಕಾಲ ಬಾಳುತ್ತವೆ.

ಮೊದಲು ವಿಂಗಡಣೆ

ಜೋಡಿಸುವುದಕ್ಕೆ ಮೊದಲು ವಿಂಗಡಿಸಬೇಕು. ಬಿಡುವಿನ ಒಂದು ದಿನ ಮನೆಯ ಎಲ್ಲ ಸಲಕರಣೆಗಳನ್ನೂ ಅಂಗಳಕ್ಕೆ ತಂದು ಹರವಬೇಕು. ಅಟ್ಟ, ಕೊಟ್ಟಿಗೆ, ಪಂಪಿನ ಮನೆ, ಮಂಚದ ಕೆಳಗೆ, ಎಲ್ಲಿಂದಲೂ ಬರಲಿ. ಒಂದೇ ಕಡೆ ಕಂಡಾಗ ಮನೆಯವರಿಗೇ ಆಶ್ಚರ್ಯವಾಗುವಷ್ಟು ಸಾಮಾನು ಹೊರಬರುತ್ತದೆ. ಅದನ್ನು ನಾಲ್ಕು ಗುಂಪು ಮಾಡಬೇಕು.

1. ದಿನವೂ ವಾರವೂ ಬೇಕಾದವು: ಗುದ್ದಲಿ, ಕುಡುಗೋಲು, ಮಚ್ಚು, ಹಾರೆ, ಮಂಕರಿ, ಹಗ್ಗ, ಕಟಿಂಗ್ ಪ್ಲೇಯರ್, ಟೆಸ್ಟರ್.

2. ಹಂಗಾಮಿಗೆ ಮಾತ್ರ ಬೇಕಾದವು: ಕೂರಿಗೆ, ಎಡೆಕುಂಟೆ, ಹಲುಬೆ, ರಾಗಿ ಕೊಯ್ಲಿನ ಕುಡುಗೋಲು, ಅಡಿಕೆ ಗೊನೆ ಇಳಿಸುವ ದೋಟಿ.

3. ರಿಪೇರಿ ಬೇಕಾದವು: ಕಾವು ಮುರಿದ ಗುದ್ದಲಿ, ಹಲ್ಲು ಸವೆದ ಗರಗಸ, ಸೋರುವ ಸ್ಪ್ರೇಯರ್.

4. ಬೇಡವಾದವು: ಮತ್ತೆ ಎಂದೂ ಕೆಲಸಕ್ಕೆ ಬಾರದ ತುಕ್ಕು ಕಬ್ಬಿಣ, ಒಡೆದ ಪೈಪು, ಸುಟ್ಟ ಸ್ಟಾರ್ಟರ್.

ನಾಲ್ಕನೆಯ ಗುಂಪಿನ ಮೇಲೆ ಮಮತೆ ಬೇಡ. “ಎಂದಾದರೂ ಬೇಕಾದೀತು” ಎಂಬ ಮಾತೇ ಕೋಣೆಯನ್ನು ತುಂಬಿಸುವುದು. ಗುಜರಿಗೆ ಹಾಕಿದರೆ ನಾಲ್ಕು ಕಾಸು ಬರುತ್ತದೆ, ಜಾಗವೂ ಮಿಗುತ್ತದೆ. ಮೂರನೆಯ ಗುಂಪಿಗೆ ಒಂದು ಬುಟ್ಟಿ ಇಟ್ಟು, ಊರಿನ ಕುಲುಮೆಗೋ ಪೇಟೆಯ ಅಂಗಡಿಗೋ ಹೋಗುವಾಗ ಬುಟ್ಟಿಯನ್ನೇ ಒಯ್ಯಬೇಕು. ಮುರಿದ ಸಾಮಾನನ್ನು ಸರಿಯಾದ ಸಾಮಾನಿನ ಜಾಗದಲ್ಲಿ ಮಾತ್ರ ಇಡಕೂಡದು. ಹಾಗೆ ಇಟ್ಟರೆ ಕೆಲಸದ ದಿನ ಅದು ಮುರಿದಿದೆಯೆಂದು ತಿಳಿಯುತ್ತದೆ.

ಜಪಾನಿನ ಕಾರ್ಖಾನೆಗಳಿಂದ ಹರಡಿದ ಕ್ರಮವೊಂದಿದೆ. ವಿಂಗಡಿಸು, ಒಪ್ಪವಾಗಿಡು, ಗುಡಿಸು, ಒಂದೇ ರೀತಿ ನಡೆಸು, ರೂಢಿ ಮಾಡು ಎಂಬ ಐದು ಹೆಜ್ಜೆಗಳು ಅದರಲ್ಲಿವೆ. ಅಲ್ಲಿಯೂ ಮೊದಲ ಹೆಜ್ಜೆ ವಿಂಗಡಣೆಯೇ.

ಕೋಣೆ ಹೇಗಿರಬೇಕು?

ಹೊಸ ಕಟ್ಟಡ ಬೇಕಾಗಿಲ್ಲ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಒಂದು ಮೂಲೆ ಸಾಕು. ಕೊಟ್ಟಿಗೆಯ ಒಂದು ಬದಿಯನ್ನು ಗೋಡೆ ಹಾಕಿ ಬೇರೆ ಮಾಡಿಕೊಂಡರೂ ಆಯಿತು. ಆದರೆ ಗಂಜಲದ ತೇವ ಮತ್ತು ಹಬೆ ಬರುವ ಕಡೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಆದ್ದರಿಂದ ದನಗಳ ಸಾಲಿನಿಂದ ದೂರದ ಬದಿಯನ್ನೇ ಆರಿಸಬೇಕು.

ನೆಲ ಅಂಗಳಕ್ಕಿಂತ ಅರ್ಧ ಅಡಿಯಾದರೂ ಎತ್ತರವಿರಲಿ, ಮಳೆಯ ನೀರು ಒಳಗೆ ಬರಕೂಡದು. ನೇಗಿಲು, ಕುಂಟೆ, ನೊಗ ಮುಂತಾದ ಮರದ ಸಾಮಾನು ನೆಲಕ್ಕಾಗಲಿ ಮಣ್ಣಿನ ಗೋಡೆಗಾಗಲಿ ತಾಗಿದರೆ ಗೆದ್ದಲು ಹತ್ತುತ್ತದೆ. ಈ ಸೀಮೆಯಲ್ಲಿ ಕಲ್ಲಿನ ಚಪ್ಪಡಿಗೆ ಕೊರತೆಯಿಲ್ಲ. ಎರಡು ಸಾಲು ಕಲ್ಲಿಟ್ಟು ಅದರ ಮೇಲೆ ಮರದ ಸಾಮಾನು ಜೋಡಿಸಿ, ಗೋಡೆಯಿಂದ ಒಂದು ಗೇಣು ಬಿಡಬೇಕು. ಆಗ ಗೆದ್ದಲಿನ ಮಣ್ಣು ಏರುತ್ತಿದ್ದರೆ ಕಣ್ಣಿಗೆ ಬೀಳುತ್ತದೆ.

ಕೆಲಸ ಮಾಡಲು ಒಂದು ಗಟ್ಟಿ ಮೇಜು ಬೇಕು. ಎರಡು ಕಲ್ಲುಕಂಬಗಳ ಮೇಲೆ ಎರಡಂಗುಲ ದಪ್ಪದ ಹಲಗೆ ಬಿಗಿದರೂ ಸಾಕು. ಎತ್ತರ ಸುಮಾರು ಎರಡೂಮುಕ್ಕಾಲರಿಂದ ಮೂರು ಅಡಿ, ಅಂದರೆ ನಿಂತವರ ಸೊಂಟದ ಮಟ್ಟಕ್ಕೆ ಇದ್ದರೆ ಬೆನ್ನು ನೋಯುವುದಿಲ್ಲ. ಅದರ ಒಂದು ತುದಿಗೆ ಬೆಂಚ್ ವೈಸ್ ಕೂರಿಸಿದರೆ ಕಾಲಲ್ಲಿ ಮೆಟ್ಟಿ ಹಿಡಿದು ಗರಗಸ ಎಳೆಯುವ ಅಪಾಯ ತಪ್ಪುತ್ತದೆ. ಮೇಜಿನ ಮೇಲೆ ಕೆಲಸದ ಸಾಮಾನಲ್ಲದೆ ಬೇರೇನೂ ಉಳಿಯಕೂಡದು. ಒಂದು ಕಿಟಕಿ, ಒಂದು ಎಲ್.ಇ.ಡಿ. ದೀಪ, ಬಾಗಿಲ ಪಕ್ಕದಲ್ಲೇ ನೇತು ಹಾಕಿದ ಬ್ಯಾಟರಿ ಟಾರ್ಚು, ಇಷ್ಟು ಬೆಳಕು ಬೇಕು.

ಗೋಡೆಯ ಮೇಲೆ ನೆರಳು

ಒಂದು ಗೋಡೆಗೆ ಸುಣ್ಣ ಹೊಡೆದು, ಅದರ ಮೇಲೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಲಗೆ ಬಿಗಿಯಬೇಕು. ಹಳೆಯ ಬಾಗಿಲಿನ ರೆಕ್ಕೆಯೂ ಆದೀತು. ಸಲಕರಣೆಗಳನ್ನು ಮೊದಲು ನೆಲದ ಮೇಲೆ ಹರವಿ, ಯಾವುದರ ಪಕ್ಕ ಯಾವುದು ಎಂದು ನೋಡಿಕೊಂಡು ಆಮೇಲೆ ಮೊಳೆ ಹೊಡೆಯುವುದು ಲೇಸು. ಒಂದೊಂದಕ್ಕೂ ಎರಡು ಮೊಳೆ. ತೂಗು ಹಾಕಿದ ಮೇಲೆ ಸುತ್ತಲೂ ಬಣ್ಣದಿಂದ ಗೆರೆ ಎಳೆದು ಆಕಾರ ಬರೆಯಬೇಕು. ಸುತ್ತಿಗೆ ಇಲ್ಲದಾಗ ಸುತ್ತಿಗೆಯ ನೆರಳು ಖಾಲಿಯಾಗಿ ಕಾಣುತ್ತದೆ. ಅಕ್ಷರ ಬಾರದವರಿಗೂ, ಹೊಸದಾಗಿ ಬಂದ ಆಳಿಗೂ, ಊರಿಂದ ಬಂದ ಮಗನಿಗೂ ಅದು ಅರ್ಥವಾಗುತ್ತದೆ.

ಜೋಡಿಸುವಾಗ ಜಾತಿಗಿಂತ ಕೆಲಸ ನೋಡುವುದು ಉಪಯುಕ್ತ. ಮರಗೆಲಸದ ಬಾಚಿ, ಉಳಿ, ಗರಗಸ ಒಂದು ಕಡೆ. ಕಬ್ಬಿಣದ ಕೆಲಸದ ಹ್ಯಾಕ್ಸಾ, ಅರ, ಸುತ್ತಿಗೆ ಒಂದು ಕಡೆ. ಪಂಪು ಮತ್ತು ಪೈಪಿನ ಪೈಪ್ ರಿಂಚು, ಟೆಫ್ಲಾನ್ ಟೇಪು, ವಾಷರು ಒಂದು ಕಡೆ. ಕರೆಂಟಿನ ಟೆಸ್ಟರ್, ಪ್ಲೇಯರ್, ಇನ್ಸುಲೇಷನ್ ಟೇಪು, ಫ್ಯೂಸ್ ತಂತಿ ಒಂದು ಚೀಲದಲ್ಲಿ ಬಾಗಿಲಿನ ಪಕ್ಕ. ರಾತ್ರಿ ಪಂಪಿನ ಮನೆಗೆ ಹೋಗುವಾಗ ಆ ಚೀಲವನ್ನು ಎತ್ತಿಕೊಂಡರೆ ಆಯಿತು, ಹುಡುಕುವ ಮಾತಿಲ್ಲ. ಮೈನ್ ಆಫ್ ಮಾಡದೆ ಸ್ಟಾರ್ಟರ್ ಪೆಟ್ಟಿಗೆ ಮುಟ್ಟಕೂಡದೆಂದು ಆ ಚೀಲದ ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆದಿಡುವುದು ಒಳ್ಳೆಯದು.

ಎತ್ತರಕ್ಕೂ ಲೆಕ್ಕ ಬೇಕು. ಕಳೆ ತೆಗೆಯುವ ಕುಡುಗೋಲು, ಮಂಕರಿಗಳನ್ನು ಹೆಚ್ಚಾಗಿ ಬಳಸುವವರು ಹೆಂಗಸರು. ಅವು ಅವರ ಕೈಗೆ ಎಟುಕುವಂತಿರಬೇಕು, ಆದರೆ ಮಕ್ಕಳ ಕೈಗೆ ಎಟುಕಬಾರದು. ಹರಿತವಾದವುಗಳಿಗೆ ಐದು ಅಡಿ ಎತ್ತರ ಸರಿ. ಮಚ್ಚು, ಕುಡುಗೋಲುಗಳ ಅಲಗು ಗೋಡೆಯ ಕಡೆಗೆ ತಿರುಗಿರಬೇಕು. ಹಾರೆ, ಪಿಕಾಸಿಗಳಂಥ ಭಾರದ ಸಾಮಾನನ್ನು ಎತ್ತರದಲ್ಲಿ ತೂಗದೆ ಮೂಲೆಯಲ್ಲಿ ಅಡ್ಡಪಟ್ಟಿ ಬಿಗಿದು ನಿಲ್ಲಿಸಬೇಕು.

ಸಣ್ಣ ಸಾಮಾನಿನ ಡಬ್ಬಿಗಳು

ಮೊಳೆ, ನಟ್ಟು, ಬೋಲ್ಟು, ವಾಷರುಗಳನ್ನು ಒಂದೇ ಡಬ್ಬಿಗೆ ಸುರಿದರೆ ಒಂದು ವಾಷರಿಗಾಗಿ ಡಬ್ಬಿಯನ್ನೇ ಬೋರಲು ಹಾಕಬೇಕಾಗುತ್ತದೆ. ತೆಂಗಿನ ಸೀಮೆಯಲ್ಲಿ ಚಿಪ್ಪಿಗೆ ಬರವೇ? ಚೆನ್ನಾಗಿ ಹೆರೆದ ಹನ್ನೆರಡು ಚಿಪ್ಪುಗಳನ್ನು ಒಂದು ಪಟ್ಟಿಗೆ ತಿರುಪು ಹಾಕಿ ಬಿಗಿದರೆ ಕಾಸು ಖರ್ಚಿಲ್ಲದ ಬಟ್ಟಲುಗಳ ಸಾಲು ಸಿದ್ಧ. ಮುಚ್ಚಳವಿರುವ ಗಾಜಿನ ಅಥವಾ ಪ್ಲಾಸ್ಟಿಕ್ ಡಬ್ಬಿಗಳಾದರೆ ಒಳಗಿನ ಸಾಮಾನು ಹೊರಗೇ ಕಾಣುತ್ತದೆ. ಕೀಟನಾಶಕದ ಡಬ್ಬಿಗಳನ್ನು ಮಾತ್ರ ತೊಳೆದೂ ಈ ಕೆಲಸಕ್ಕೆ ಬಳಸಕೂಡದು.

ಸ್ಪ್ಯಾನರುಗಳ ಎಂಟರ ಕಟ್ಟು ಸಾಮಾನ್ಯವಾಗಿ 6–7, 8–9, 10–11, 12–13, 14–15, 16–17, 18–19, 20–22 ಅಳತೆಗಳಲ್ಲಿ ಬರುತ್ತದೆ. ಇವನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ತೂಗಿ, ಕೆಳಗೆ ಅಳತೆ ಬರೆಯಬೇಕು. ಯಾವ ಯಂತ್ರದ ಯಾವ ನಟ್ಟಿಗೆ ಯಾವ ಅಳತೆ ಎಂಬುದನ್ನು ಆ ಯಂತ್ರದ ಮೈಮೇಲೆಯೇ ಬಣ್ಣದಲ್ಲಿ ಬರೆದಿಟ್ಟರೆ ಹೊಲಕ್ಕೆ ಇಡೀ ಕಟ್ಟನ್ನು ಹೊತ್ತೊಯ್ಯುವ ಗೋಜಿಲ್ಲ. ಬದುವಿನ ಮೇಲೆ ಸ್ಪ್ಯಾನರ್ ಕಳೆಯುವುದೂ ತಪ್ಪುತ್ತದೆ.

ಸಂಜೆಯ ಕಾಲು ಗಂಟೆ

ಸಂಜೆ ಮನೆಗೆ ಬಂದೊಡನೆ ಕಾಲು ಗಂಟೆ ಸಲಕರಣೆಗೆ ಕೊಟ್ಟರೆ ಅದು ವರ್ಷಗಟ್ಟಲೆ ಹೆಚ್ಚು ಬಾಳುತ್ತದೆ. ಮಣ್ಣು ಮೆತ್ತಿದ ಗುದ್ದಲಿಯನ್ನು ಕಡ್ಡಿಯಿಂದ ಕೆರೆದು, ತೊಳೆದು, ಒರೆಸಿ ತೂಗಬೇಕು. ಹಸಿ ಮಣ್ಣು ರಾತ್ರಿಯಿಡೀ ಅಂಟಿದ್ದರೆ ಅದರ ಅಡಿಯಲ್ಲೇ ತುಕ್ಕು ಶುರುವಾಗುತ್ತದೆ. ಹಂಗಾಮು ಮುಗಿದು ಎತ್ತಿಡುವ ಕಬ್ಬಿಣಕ್ಕೆ ತೆಳ್ಳಗೆ ಗ್ರೀಸ್ ಅಥವಾ ಮೆಷಿನ್ ಎಣ್ಣೆ ಸವರಬೇಕು. ಇಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆ ಚರ್ಮಕ್ಕೆ ಕೆಡುಕು. ಅದನ್ನು ಕೈಯಿಂದ ಬಳಿಯುವ ರೂಢಿ ಬಿಡುವುದು ಕ್ಷೇಮ.

ಮರದ ಕಾವಿಗೆ ಹೊಂಗೆ ಎಣ್ಣೆ ಸವರುವುದು ಹಿಂದಿನವರಿಂದ ಬಂದ ಪದ್ಧತಿ. ಅಗಸೆ ಎಣ್ಣೆಯೂ ಒಳ್ಳೆಯದು, ಅದು ಮರದಲ್ಲಿ ಇಂಗಿ ಗಟ್ಟಿಯಾಗುತ್ತದೆ. ಆದರೆ ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಕೂಡದು. ಅದು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳುವುದುಂಟು. ಬಯಲಲ್ಲಿ ಹರವಿ ಒಣಗಿಸಿ ಆಮೇಲೆ ಬಿಸಾಡಬೇಕು.

ಬೇಸಿಗೆಯಲ್ಲಿ ಕಾವು ಒಣಗಿ ಸುತ್ತಿಗೆ, ಕೊಡಲಿಗಳ ತಲೆ ಸಡಿಲವಾಗುತ್ತದೆ. ನೀರಲ್ಲಿ ನೆನೆ ಹಾಕಿದರೆ ಬಿಗಿಯಾದಂತೆ ಕಾಣುತ್ತದೆ. ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ. ಬೆಣೆ ಹೊಡೆಯುವುದೇ ಸರಿಯಾದ ದಾರಿ. ಬೀಸುವಾಗ ತಲೆ ಕಳಚಿ ಹಾರಿದರೆ ಎದುರಿಗಿದ್ದವರ ಪ್ರಾಣಕ್ಕೆ ಸಂಚಕಾರ.

ಮೊಂಡು ಹತ್ಯಾರಕ್ಕೆ ಹೆಚ್ಚು ಬಲ ಹಾಕಬೇಕಾಗುತ್ತದೆ, ಹೆಚ್ಚು ಬಲ ಹಾಕಿದಾಗಲೇ ಅದು ಜಾರಿ ಕೈ ಕೊಯ್ಯುವುದು. ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದಕ್ಕೆ ಎಳೆಯುವಾಗ ಎತ್ತಬೇಕು. ಸಾಣೆಯಂತ್ರಕ್ಕೆ ಹಿಡಿದಾಗ ಅಲಗು ಕಾಯ್ದು ನೀಲಿ ಬಣ್ಣಕ್ಕೆ ತಿರುಗಿದರೆ ಅದರ ಹದ ಕೆಟ್ಟಂತೆ, ಆ ಅಲಗು ಮುಂದೆ ಬೇಗ ಮೊಂಡಾಗುತ್ತದೆ. ಆದ್ದರಿಂದ ಪಕ್ಕದಲ್ಲಿ ನೀರಿಟ್ಟುಕೊಂಡು ಆಗಾಗ ಅದ್ದಬೇಕು. ಕಣ್ಣಿಗೆ ಕನ್ನಡಕವಿಲ್ಲದೆ ಸಾಣೆಯಂತ್ರದ ಮುಂದೆ ನಿಲ್ಲಕೂಡದು.

ಒಟ್ಟಿಗೆ ಇಡಬಾರದವು

ರಸಗೊಬ್ಬರ ತೇವ ಹೀರುತ್ತದೆ, ಅದರ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಯೂರಿಯಾ ಚೀಲದ ಪಕ್ಕದಲ್ಲಿಟ್ಟ ಹತ್ಯಾರ ಒಂದೇ ಮಳೆಗಾಲದಲ್ಲಿ ಹಾಳಾಗಬಹುದು. ಗೊಬ್ಬರವನ್ನು ಬೇರೆ ಕಡೆ, ಹಲಗೆಯ ಮೇಲೆ ಇಡಬೇಕು.

ಕೀಟನಾಶಕ, ಕಳೆನಾಶಕಗಳಿಗೆ ಬೀಗವಿರುವ ಬೇರೆ ಪೆಟ್ಟಿಗೆ ಬೇಕು. ಅದು ಧಾನ್ಯ, ಹಿಂಡಿ, ಬೂಸಾ ಇರುವ ಕೋಣೆಯಲ್ಲಿ ಇರಬಾರದು. ಔಷಧವನ್ನು ಬೇರೆ ಬಾಟಲಿಗೆ ಸುರಿದಿಡುವುದು ಅತ್ಯಂತ ಅಪಾಯಕರ, ಚೀಟಿಯಿರುವ ಮೂಲ ಡಬ್ಬಿಯಲ್ಲೇ ಇರಲಿ. ಕಳೆನಾಶಕಕ್ಕೆ ಬಳಸುವ ಸ್ಪ್ರೇಯರಿಗೆ ಕೆಂಪು ಪಟ್ಟೆ ಬಳಿದು ಬೇರೆಯೇ ಇಡಬೇಕು. 2,4-ಡಿ ಯಂಥ ಕಳೆನಾಶಕದ ಸ್ವಲ್ಪ ಅಂಶ ಉಳಿದರೂ ಟೊಮ್ಯಾಟೊ, ಹತ್ತಿ, ಅವರೆ ಮುಂತಾದ ಬೆಳೆಗಳು ಮುರುಟುತ್ತವೆ. ಸ್ಪ್ರೇಯರನ್ನು ಮೂರು ಸಲ ತೊಳೆದು, ಆ ನೀರು ಬಾವಿ, ಕೆರೆ, ಕಾಲುವೆಗೆ ಸೇರದಂತೆ ನೋಡಿಕೊಳ್ಳಬೇಕು. ಪೆಟ್ರೋಲು, ಡೀಸೆಲ್ಲುಗಳನ್ನು ಸಾಣೆಯಂತ್ರದ ಕಿಡಿ ಹಾರುವ ಕೋಣೆಯಿಂದ ಹೊರಗಿಡುವುದು ಕಡ್ಡಾಯ.

ಹಾವು ಮತ್ತು ಗಾಯ

ಹರವಿ ಬಿದ್ದ ಸಾಮಾನಿನ ಸಂದಿಯಲ್ಲಿ ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಕತ್ತಲೆಯಲ್ಲಿ ರಾಶಿಯೊಳಗೆ ಕೈ ಹಾಕುವವರಿಗೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ನೆಲ ಬರಿದಾಗಿದ್ದು ಸಾಮಾನೆಲ್ಲ ಗೋಡೆಯ ಮೇಲಿದ್ದರೆ ಹಾವಿಗೆ ಅಡಗಲು ಮರೆಯಿಲ್ಲ. ಅಕಸ್ಮಾತ್ ಕಡಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಯಾವುದನ್ನೂ ಮಾಡದೆ, ಕಡಿದ ಅಂಗವನ್ನು ಅಲುಗಾಡಿಸದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ತುಕ್ಕು ಕಬ್ಬಿಣ, ಕೊಟ್ಟಿಗೆಯ ಮಣ್ಣು ತಾಗಿದ ಗಾಯವನ್ನು ಸೋಪು ನೀರಿನಿಂದ ತೊಳೆದು, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕಾಣಬೇಕು. ಶುದ್ಧ ಬಟ್ಟೆ, ಹತ್ತಿ, ಸೋಪು ಇರುವ ಸಣ್ಣ ಪೆಟ್ಟಿಗೆಗೂ ಗೋಡೆಯ ಮೇಲೆ ಒಂದು ನೆರಳು ಇರಲಿ.

ಎರವಲು ಕೊಡುವಾಗ

ಹಳ್ಳಿಯಲ್ಲಿ ಕೊಡುವುದಿಲ್ಲ ಎನ್ನುವುದು ಸಾಧ್ಯವಿಲ್ಲ, ಸರಿಯೂ ಅಲ್ಲ. ಇಂದು ಕೊಟ್ಟವರು ನಾಳೆ ಕೇಳಬೇಕಾದವರೇ. ಆದರೆ ಕೊಟ್ಟದ್ದು ಮರೆತರೆ ಸಲಕರಣೆಯ ಜೊತೆ ನೆರೆಹೊರೆಯ ಸ್ನೇಹವೂ ಹೋಗುತ್ತದೆ. ಹಲಗೆಯ ಪಕ್ಕದಲ್ಲಿ ಒಂದು ಸ್ಲೇಟು, ಒಂದು ಬಳಪ ಕಟ್ಟಿ, ಒಯ್ದವರೇ ತಮ್ಮ ಹೆಸರು, ತಾರೀಖು ಬರೆಯುವಂತೆ ಮಾಡಿದರೆ ಯಾರಿಗೂ ಮುಜುಗರವಿಲ್ಲ. ಸ್ಲೇಟು ಕೇಳುತ್ತದೆ, ಯಜಮಾನ ಕೇಳಬೇಕಾಗಿಲ್ಲ. ಸಲಕರಣೆಯ ಕಾವಿಗೆ ಮನೆಯ ಗುರುತಿನ ಬಣ್ಣ ಬಳಿದರೆ “ಇದು ನಮ್ಮದು, ನಿಮ್ಮದಲ್ಲ” ಎಂಬ ವಾದವೂ ಬರುವುದಿಲ್ಲ.

ವರ್ಷದಲ್ಲಿ ಎರಡೇ ದಿನ ಬೇಕಾಗುವ ದೊಡ್ಡ ಯಂತ್ರವನ್ನು ಕೊಂಡು ಕೋಣೆ ತುಂಬಿಸುವ ಮೊದಲು ಬಾಡಿಗೆಗೆ ಸಿಗುವುದೇ ಎಂದು ನೋಡಬೇಕು. ಕೃಷಿ ಯಂತ್ರಧಾರೆ ಕೇಂದ್ರಗಳು ಇದಕ್ಕಾಗಿಯೇ ಹುಟ್ಟಿಕೊಂಡವು.

ಎರಡು ಹಬ್ಬ, ಎರಡು ಎಣಿಕೆ

ಕೊನೆಯದಾಗಿ, ಈ ಕ್ರಮ ಹೊಸದಲ್ಲ ಎಂಬುದನ್ನು ನೆನೆಯಬೇಕು. ಯುಗಾದಿಯಲ್ಲಿ ನೇಗಿಲು, ನೊಗಗಳನ್ನು ತೊಳೆದು ಪೂಜಿಸಿ ಹೊನ್ನಾರು ಹೂಡುತ್ತಾರೆ. ಮಹಾನವಮಿಯ ಆಯುಧಪೂಜೆಯಲ್ಲಿ ಮಚ್ಚು, ಕುಡುಗೋಲುಗಳಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲವನ್ನೂ ತೊಳೆದು ಕುಂಕುಮ ಇಡುತ್ತಾರೆ. ಈ ಎರಡು ದಿನಗಳು ಬೇಸಾಯದ ಎರಡು ತಿರುವುಗಳಲ್ಲಿ ಬರುತ್ತವೆ. ಯುಗಾದಿಯ ಮುಂದೆ ಉಳುಮೆ, ಬಿತ್ತನೆ ಇದೆ. ಮಹಾನವಮಿಯ ಹೊತ್ತಿಗೆ ಕೂರಿಗೆ, ಎಡೆಕುಂಟೆಯ ಕೆಲಸ ಮುಗಿದು, ರಾಗಿ ಕೊಯ್ಲು ಮುಂದಿರುತ್ತದೆ.

ಹಾಗಾಗಿ ಆಯುಧಪೂಜೆಯ ದಿನ ಬಿತ್ತನೆಯ ಸಲಕರಣೆಯ ಬೆಣೆ, ಬೋಲ್ಟು ಬಿಗಿದು ಎಣ್ಣೆ ಸವರಿ ಹಿಂದಕ್ಕೆ ಸರಿಸಬೇಕು, ಕೊಯ್ಲಿನ ಕುಡುಗೋಲು ಹರಿತ ಮಾಡಿ ಮುಂದಕ್ಕೆ ತರಬೇಕು. ಯುಗಾದಿಯಲ್ಲಿ ಇದರ ತಿರುವುಮುರುವು. ಪೂಜೆಗೆ ಮುನ್ನ ಗೋಡೆಯ ನೆರಳುಗಳನ್ನು ಎಣಿಸಿ, ಖಾಲಿ ಇರುವುದನ್ನು ಪಟ್ಟಿ ಮಾಡಿದರೆ, ಶಿವರಾತ್ರಿಯ ಹೊತ್ತಿನ ಸಿದ್ಧಗಂಗೆಯ ಜಾತ್ರೆಯಲ್ಲೋ ವಾರದ ಸಂತೆಯಲ್ಲೋ ಬೇಕಾದುದನ್ನು ಮಾತ್ರ ಕೊಳ್ಳಬಹುದು. ಆದರೆ ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬಂತೆ ಹಬ್ಬದ ದಿನ ಮಾತ್ರ ತೊಳೆದು ಮಿಕ್ಕ ದಿನ ಮಣ್ಣಿನಲ್ಲಿ ಬಿಟ್ಟರೆ ಆ ಪೂಜೆ ಅರ್ಧ ಪೂಜೆ.

ಇದನ್ನೆಲ್ಲ ಒಂದೇ ದಿನದಲ್ಲಿ ಮಾಡಬೇಕೆಂದಿಲ್ಲ. ಈ ವಾರ ಒಂದು ಹಲಗೆ, ಹತ್ತು ಮೊಳೆ, ಹತ್ತು ನೆರಳು ಸಾಕು. ಮುಂದಿನ ವಾರ ಸಣ್ಣ ಸಾಮಾನಿನ ಚಿಪ್ಪುಗಳು. ವಿಸ್ತರಣಾ ಕಾರ್ಯಕರ್ತರು ಊರಿಗೊಂದು ಮನೆಯಲ್ಲಿ ಇಂಥ ಗೋಡೆಯೊಂದನ್ನು ಸಿದ್ಧಪಡಿಸಿ ತೋರಿಸಿದರೆ ನೂರು ಮಾತಿಗಿಂತ ಹೆಚ್ಚು ಫಲ. ಯಂತ್ರಗಳ ಬಳಕೆ, ಔಷಧಗಳ ಸಂಗ್ರಹದ ಬಗ್ಗೆ ಸಂದೇಹವಿದ್ದರೆ ಹಿರೇಹಳ್ಳಿ ಮತ್ತು ತಿಪಟೂರು ಬಳಿಯ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಬಹುದು.

ಮುಂದಿನ ಪುಷ್ಯ ಮಳೆ ಬಿದ್ದ ಮರುದಿನ ಬೆಳಗಿನ ಜಾವ ಯಜಮಾನ ಮನೆಯಲ್ಲಿ ಇಲ್ಲದಿದ್ದರೂ ಸೊಸೆ ಕೈ ಚಾಚಿದರೆ ಬಾಚಿ ಸಿಗಬೇಕು, ಮಗ ಕತ್ತಲೆಯಲ್ಲಿ ತಡಕಿದರೆ ಸ್ಪ್ಯಾನರ್ ಸಿಗಬೇಕು. ಎತ್ತು ಬಂದೊಡನೆ ಕೂರಿಗೆ ಹೊರಡಬೇಕು. ಹದ ಯಾರಿಗೂ ಕಾಯುವುದಿಲ್ಲ. ಕಾಯಬೇಕಾದುದು ಸಲಕರಣೆ, ತನ್ನ ಜಾಗದಲ್ಲಿ.